ರಿಲೇ 52 ಎಂದಿತು, ಬಿದಿರು ತಾಗಿದ್ದು 46ರಲ್ಲಿ: ಯಾವ ಲೈನಿಗೆ ಯಾವ ಫಾಲ್ಟ್ ಲೊಕೇಟರ್?

ಮಲೆನಾಡಿನ ಒಂದು 220 ಕೆ.ವಿ. ಲೈನು, ಉದ್ದ 120 ಕಿ.ಮೀ. ಈ ತುದಿಯಲ್ಲಿ ಬಯಲುಸೀಮೆಯ ರಿಸೀವಿಂಗ್ ಸ್ಟೇಷನ್, ಆ ತುದಿಯಲ್ಲಿ ಜಲವಿದ್ಯುತ್ ಕೇಂದ್ರ. ಜುಲೈ ತಿಂಗಳ ಮಳೆಯಲ್ಲಿ ಒಂದು ರಾತ್ರಿ ಲೈನು ಟ್ರಿಪ್ ಆಯಿತು, ಎಂದರೆ ಬ್ರೇಕರ್ ತೆರೆದು ವಿದ್ಯುತ್ ಕಡಿಯಿತು. ಒಂದು ಸೆಕೆಂಡಿಗೆ ಆಟೋ ರಿಕ್ಲೋಸ್ ಆಗಿ, ಎಂದರೆ ಬ್ರೇಕರ್ ತಾನೇ ಮತ್ತೆ ಮುಚ್ಚಿಕೊಂಡು, ಲೈನು ಮೊದಲಿನಂತೆ ನಡೆಯಿತು. ಹತ್ತು ದಿನ ಬಿಟ್ಟು ಮತ್ತೆ ಹಾಗೇ ಆಯಿತು, ಆಮೇಲೆ ಇನ್ನೊಮ್ಮೆ. ಲೈನಿನ ದೋಷ (ಫಾಲ್ಟ್) ಎಷ್ಟು ದೂರದಲ್ಲಿದೆ ಎಂದು ಅಳೆದು ಬ್ರೇಕರ್ ತೆರೆಸುವ ಡಿಸ್ಟೆನ್ಸ್ ರಿಲೇ ಈ ಕಡೆ 52 ಕಿ.ಮೀ. ತೋರಿಸಿತು, ಆ ಕಡೆಯದು 69. ಎರಡನ್ನೂ ಕೂಡಿದರೆ 121. ಲೈನಿನ ಉದ್ದಕ್ಕೆ ಹೆಚ್ಚುಕಡಿಮೆ ಹೊಂದುತ್ತದಲ್ಲ, ಸರಿಯಾಗಿಯೇ ಇದೆ ಎಂದುಕೊಂಡೆವು. ಗ್ಯಾಂಗಿನವರು 52ರ ಆಚೀಚೆ ಎರಡು ದಿನ ಉಂಬಳ ಕಚ್ಚಿಸಿಕೊಂಡು ಓಡಾಡಿದರು. ಏನೂ ಸಿಗಲಿಲ್ಲ. ಕೊನೆಗೆ ದನ ಮೇಯಿಸುವ ಹುಡುಗನೊಬ್ಬ ತೋರಿಸಿದ ಮೇಲೆ ಗೊತ್ತಾಯಿತು: 46ನೇ ಕಿಲೋಮೀಟರಿನ ಹತ್ತಿರ ಕಂಡಕ್ಟರಿನ ಕೆಳಗೊಂದು ಬಿದಿರು ಮೆಳೆ, ಅದರ ತುದಿಯೆಲೆಗಳು ಸುಟ್ಟು ಕಪ್ಪಾಗಿದ್ದವು.

ಆರು ಕಿಲೋಮೀಟರ್ ಎಂದರೆ ಆ ಲೈನಿನಲ್ಲಿ ಹದಿನೇಳು ಟವರು. ರಸ್ತೆ ಪಕ್ಕದ ಲೈನಾಗಿದ್ದರೆ ಜೀಪಿನಲ್ಲಿ ಅರ್ಧ ಗಂಟೆಯ ಕೆಲಸ. ಕಾಡಿನಲ್ಲಿ ಅದೇ ಎರಡು ದಿನ. ಫಾಲ್ಟ್ ಲೊಕೇಟರ್ (ಫಾಲ್ಟಿನ ಜಾಗ ಹೇಳುವ ಸಾಧನ) ಆರಿಸುವಾಗ ಕ್ಯಾಟಲಾಗಿನ ಮೀಟರ್ ಲೆಕ್ಕಕ್ಕಿಂತ ಮೊದಲು ಇದನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ತಪ್ಪಿದ ಪ್ರತಿ ಕಿಲೋಮೀಟರಿಗೂ ನಿಮ್ಮ ಗ್ಯಾಂಗು ಎಷ್ಟು ಹೊತ್ತು ನಡೆಯಬೇಕು? ಉತ್ತರ ಲೈನಿನಿಂದ ಲೈನಿಗೆ ಬೇರೆ, ಆಯ್ಕೆಯೂ ಅದರಂತೆ ಬೇರೆ.

ಈಗ ನಮ್ಮ ಮುಂದಿರುವ ದಾರಿಗಳು ನಾಲ್ಕು. ಒಂದೇ ತುದಿಯ ಇಂಪೀಡೆನ್ಸ್ ಲೆಕ್ಕ, ಎರಡೂ ತುದಿಯ ಇಂಪೀಡೆನ್ಸ್ ಲೆಕ್ಕ, ಒಂದೇ ತುದಿಯ ಟ್ರಾವೆಲಿಂಗ್ ವೇವ್, ಎರಡೂ ತುದಿಯ ಟ್ರಾವೆಲಿಂಗ್ ವೇವ್. ಇಂಪೀಡೆನ್ಸ್ ಎಂದರೆ ಕರೆಂಟಿಗೆ ಲೈನು ಒಡ್ಡುವ ಒಟ್ಟು ಅಡ್ಡಿ, ಟ್ರಾವೆಲಿಂಗ್ ವೇವ್ ಎಂದರೆ ಫಾಲ್ಟಿನಿಂದ ಲೈನಿನುದ್ದಕ್ಕೂ ಓಡುವ ವಿದ್ಯುತ್ ಅಲೆ.

ರಿಲೇಯೊಳಗೆ ಪುಕ್ಕಟೆ ಸಿಗುವ ಲೆಕ್ಕ

ಇವತ್ತಿನ ಯಾವ ನ್ಯೂಮರಿಕಲ್ (ಡಿಜಿಟಲ್) ಡಿಸ್ಟೆನ್ಸ್ ರಿಲೇಯಲ್ಲೂ ಒಂದು ತುದಿಯ ಲೊಕೇಟರ್ ಇದ್ದೇ ಇರುತ್ತದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ, ಬಂದ ಇಂಪೀಡೆನ್ಸಿನ ರಿಯಾಕ್ಟೆನ್ಸ್ ಎಂಬ ಪಾಲನ್ನು (ಎ.ಸಿ.ಯಲ್ಲಿ ಮಾತ್ರ ಕಾಣುವ ಅಡ್ಡಿ) ಕಿಲೋಮೀಟರಿಗೆ ಇಷ್ಟು ಓಮ್ ಎಂಬ ಸೆಟ್ಟಿಂಗಿನಿಂದ ಮತ್ತೆ ಭಾಗಿಸುತ್ತದೆ, ಅಷ್ಟೇ. ಕಂಡಕ್ಟರ್ ನೇರವಾಗಿ ಟವರಿಗೆ ತಾಗಿದರೆ ಚೆನ್ನಾಗಿಯೇ ಹೇಳುತ್ತದೆ. ಮರ, ಬಿದಿರು, ಕಬ್ಬಿನ ರವದಿಗೆ ಹಚ್ಚಿದ ಬೆಂಕಿಯ ಹೊಗೆ ಇಂಥವು ನಡುವೆ ಬಂದಾಗ ಫಾಲ್ಟಿನ ಜಾಗದಲ್ಲಿ ಒಂದಿಷ್ಟು ರೆಸಿಸ್ಟೆನ್ಸ್ ಸೇರಿಕೊಳ್ಳುತ್ತದೆ. ಆ ರೆಸಿಸ್ಟೆನ್ಸಿಗೆ ಆಚೆ ತುದಿಯಿಂದಲೂ ಕರೆಂಟ್ ಬರುತ್ತಿರುತ್ತದೆ. ಎರಡು ತುದಿಯ ಕರೆಂಟುಗಳ ಕೋನ (ಏರಿಳಿತದ ಹೊತ್ತು) ಒಂದೇ ಆಗಿಲ್ಲವಾದ್ದರಿಂದ ಶುದ್ಧ ರೆಸಿಸ್ಟೆನ್ಸ್ ಕೂಡ ರಿಲೇಯ ಕಣ್ಣಿಗೆ ರಿಯಾಕ್ಟೆನ್ಸಿನ ಹಾಗೆ ಕಾಣುತ್ತದೆ. ವಿದ್ಯುತ್ ಕಳಿಸುವ ತುದಿಗೆ ಫಾಲ್ಟು ಇದ್ದದ್ದಕ್ಕಿಂತ ಹತ್ತಿರ ಕಾಣುತ್ತದೆ, ಪಡೆಯುವ ತುದಿಗೆ ದೂರ ಕಾಣುತ್ತದೆ. ನಮ್ಮ 52 ಮತ್ತು 69ರ ಗುಟ್ಟು ಇದೇ: ಈ ಕಡೆಯದು ಆರು ಹೆಚ್ಚು ಹೇಳಿತು, ಆ ಕಡೆಯದು ಐದು ಕಡಿಮೆ ಹೇಳಿತು, ಮೊತ್ತ ಮಾತ್ರ ಸಜ್ಜನನಂತೆ 121 ಬಂತು. ಮೊತ್ತ ಹೊಂದಿತೆಂದು ನಂಬಬೇಡಿ.

ಜಪಾನಿನ ತಕಾಗಿ ಮತ್ತು ಅವರ ಸಂಗಡಿಗರು 1980ರ ಆಸುಪಾಸಿನಲ್ಲಿ ಕೊಟ್ಟ ವಿಧಾನ ಇದನ್ನು ಒಂದೇ ತುದಿಯಿಂದ ಬಹುಮಟ್ಟಿಗೆ ಸರಿಪಡಿಸುತ್ತದೆ. ಫಾಲ್ಟಿಗೆ ಮುಂಚಿನ ಲೋಡ್ ಕರೆಂಟನ್ನು ಕಳೆದು, ಫಾಲ್ಟಿನಿಂದ ಹುಟ್ಟಿದ ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಅದರ ಉಪಾಯ. ನಿಮ್ಮ ರಿಲೇಯಲ್ಲಿ ಯಾವ ವಿಧಾನ ಕೂತಿದೆ ಎಂದು ಮ್ಯಾನ್ಯುಯಲ್ ತೆರೆದು ನೋಡಿ, ಬಹಳ ಮಂದಿ ನೋಡಿರುವುದಿಲ್ಲ. ಹಾಗೆಂದು ಅರ್ಥ್ ಫಾಲ್ಟಿನಲ್ಲಿ ಜೀರೋ ಸೀಕ್ವೆನ್ಸ್ (ನೆಲದ ಮೂಲಕ ಮರಳುವ ಕರೆಂಟಿನ) ಸೆಟ್ಟಿಂಗ್ ತಪ್ಪಿದ್ದರೆ, ಒಂದೇ ಟವರಿನ ಮೇಲೆ ಇನ್ನೊಂದು ಸರ್ಕ್ಯೂಟ್ ಇದ್ದು ಅದರ ಪ್ರಭಾವ ಬೀಳುತ್ತಿದ್ದರೆ, ತಕಾಗಿಯೂ ಕೈಕೊಡುತ್ತದೆ. 120 ಕಿ.ಮೀ. ಲೈನಿನಲ್ಲಿ ಶೇ. 2 ತಪ್ಪೆಂದರೆ ಆ ಕಡೆ 2.4, ಈ ಕಡೆ 2.4 ಕಿ.ಮೀ. ಶೇ. 5 ಎಂದರೆ ಆರಾರು ಕಿಲೋಮೀಟರ್.

ಕಪಾಟಿನಲ್ಲಿದ್ದೂ ಬಳಸದ ವಿಧಾನ

ಎರಡೂ ತುದಿಯ ಇಂಪೀಡೆನ್ಸ್ ಲೆಕ್ಕದ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ, ಹೇಳಿಬಿಡುತ್ತೇನೆ. ಎರಡೂ ಸ್ಟೇಷನ್ನುಗಳ ರಿಲೇಗಳಲ್ಲಿ ಡಿಸ್ಟರ್ಬೆನ್ಸ್ ರೆಕಾರ್ಡ್ (ಫಾಲ್ಟಿನ ಹೊತ್ತಿನ ವೋಲ್ಟೇಜ್, ಕರೆಂಟುಗಳ ದಾಖಲೆ) ಇರುತ್ತದೆ, ಅದು ಕಾಮ್‌ಟ್ರೇಡ್ ಎಂಬ ಎಲ್ಲರೂ ಒಪ್ಪಿದ ರೂಪದಲ್ಲಿ ಫೈಲಾಗಿ ಸಿಗುತ್ತದೆ. ಎರಡೂ ಕಡೆಯ ನೆಗೆಟಿವ್ ಸೀಕ್ವೆನ್ಸ್ (ಮೂರು ಫೇಸು ಸಮವಿಲ್ಲದಾಗ ಹುಟ್ಟುವ ಪಾಲಿನ) ವೋಲ್ಟೇಜ್ ಮತ್ತು ಕರೆಂಟ್ ತೆಗೆದುಕೊಂಡು, ಎಲ್ಲಿ ಎರಡು ಕಡೆಯ ಲೆಕ್ಕಕ್ಕೂ ಒಂದೇ ವೋಲ್ಟೇಜ್ ಬರುತ್ತದೋ ಅದೇ ಫಾಲ್ಟಿನ ಜಾಗ. ಫಾಲ್ಟ್ ರೆಸಿಸ್ಟೆನ್ಸ್ ಎಷ್ಟೇ ಇರಲಿ, ಸಮೀಕರಣದಿಂದ ತಾನೇ ಹೊರಟುಹೋಗುತ್ತದೆ. ಜೀರೋ ಸೀಕ್ವೆನ್ಸಿನ ತಂಟೆಯೂ ಇಲ್ಲ. ಗಡಿಯಾರಗಳು ಮೈಕ್ರೋಸೆಕೆಂಡಿಗೆ ಹೊಂದಬೇಕಾಗಿಲ್ಲ, ವೇವ್‌ಫಾರ್ಮುಗಳನ್ನು ಕೈಯಿಂದಲೇ ಜೋಡಿಸಬಹುದು. ಮೂರೂ ಫೇಸು ಸಮವಾಗಿ ಶಾರ್ಟ್ ಆದಾಗ ಮಾತ್ರ ನೆಗೆಟಿವ್ ಸೀಕ್ವೆನ್ಸ್ ಇರುವುದಿಲ್ಲ, ಆಗ ಪಾಸಿಟಿವ್‌ನಿಂದ ಮಾಡಬೇಕು.

ನಮ್ಮ ಬಿದಿರಿನ ಫಾಲ್ಟನ್ನು ಆಮೇಲೆ ಹೀಗೆ ಲೆಕ್ಕ ಹಾಕಿದಾಗ 46.8 ಕಿ.ಮೀ. ಬಂತು. ಮೂರು ಟವರಿನ ಒಳಗೆ! ಒಂದು ರೂಪಾಯಿ ಖರ್ಚಿಲ್ಲ. ಗ್ಯಾಂಗಿನವರ ಮುಖ ನೋಡುವುದಕ್ಕೆ ಆ ದಿನ ನನಗೆ ಸ್ವಲ್ಪ ಕಷ್ಟವಾಯಿತು.

ಹಾಗಾದರೆ ಯಾರೂ ಯಾಕೆ ಮಾಡುವುದಿಲ್ಲ? ಆಚೆ ತುದಿಯ ಫೈಲು ಕೈಗೆ ಬರುವುದಿಲ್ಲ, ಅದಕ್ಕೆ. ಆ ಸ್ಟೇಷನ್ ಬೇರೆ ಸಂಸ್ಥೆಯದಿರುತ್ತದೆ, ರಿಲೇಯ ಪಾಸ್‌ವರ್ಡ್ ವರ್ಗವಾಗಿ ಹೋದ ಎಂಜಿನಿಯರ್ ಜತೆಗೇ ಹೋಗಿರುತ್ತದೆ, ಫೈಲು ಬರುವ ಹೊತ್ತಿಗೆ ಪೆಟ್ರೋಲಿಂಗ್ ಮುಗಿದಿರುತ್ತದೆ. ಹೊಸ ಪೆಟ್ಟಿಗೆ ಕೊಳ್ಳುವ ಮೊದಲು ಈ ಫೈಲಿನ ದಾರಿ ಸರಿಮಾಡಿಕೊಳ್ಳಿ. ಎರಡು ತುದಿಯ ಟ್ರಾವೆಲಿಂಗ್ ವೇವ್ ತಂದರೂ ಆ ತುದಿಗಳು ಮಾತಾಡಲೇಬೇಕು, ಆ ಕೆಲಸ ತಪ್ಪುವುದಿಲ್ಲ.

ಅಲೆಯ ಹಿಂದೆ ಹೋಗುವುದು

ಫಾಲ್ಟ್ ಆದ ಕ್ಷಣದಲ್ಲಿ ಆ ಜಾಗದ ವೋಲ್ಟೇಜ್ ಥಟ್ಟನೆ ಕುಸಿಯುತ್ತದೆ. ಕೆರೆಗೆ ಕಲ್ಲು ಬಿದ್ದಂತೆ ಅಲ್ಲಿಂದ ಎರಡೂ ಕಡೆಗೆ ಅಲೆಗಳು ಹೊರಡುತ್ತವೆ. ಓವರ್‌ಹೆಡ್ ಲೈನಿನಲ್ಲಿ ಅವುಗಳ ವೇಗ ಬೆಳಕಿನ ವೇಗದ ಶೇ. 98ರಿಂದ 99. ಲೆಕ್ಕಕ್ಕೆ ಮೈಕ್ರೋಸೆಕೆಂಡಿಗೆ 295 ಮೀಟರ್ ಎಂದಿಟ್ಟುಕೊಳ್ಳೋಣ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಎಳೆದ ಸುಮಾರು 147 ಕಿ.ಮೀ. ಲೈನನ್ನು ಇಂಥ ಅಲೆ ಅರ್ಧ ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತಿತ್ತು. ಅದನ್ನು ಹಿಡಿಯುವ ಸಾಧನ ಆಗ ಇರಲಿಲ್ಲ, ಅಷ್ಟೇ.

ಮಾಮೂಲಿ ಡಿಸ್ಟರ್ಬೆನ್ಸ್ ರೆಕಾರ್ಡರಿಗೂ ಇದು ಸಿಗುವುದಿಲ್ಲ. ಸೆಕೆಂಡಿಗೆ ಸಾವಿರ ಸ್ಯಾಂಪಲ್ ತೆಗೆಯುವ ರೆಕಾರ್ಡರಿನಲ್ಲಿ ಒಂದು ಸ್ಯಾಂಪಲ್ಲಿನಿಂದ ಮುಂದಿನದಕ್ಕೆ ಹೋಗುವುದರೊಳಗೆ ಅಲೆ 295 ಕಿ.ಮೀ. ಓಡಿರುತ್ತದೆ. ಅದಕ್ಕೇ ಟ್ರಾವೆಲಿಂಗ್ ವೇವ್ ರೆಕಾರ್ಡರುಗಳು ಸೆಕೆಂಡಿಗೆ ಹತ್ತು ಲಕ್ಷ ಸ್ಯಾಂಪಲಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಎಸ್‌ಇಎಲ್ ಕಂಪನಿಯ ಟಿ400ಎಲ್ ರಿಲೇ ಸರಿಯಾಗಿ ಹತ್ತು ಲಕ್ಷ ತೆಗೆಯುತ್ತದೆ, ಅದೇ ಕಂಪನಿಯ 411ಎಲ್ ಹದಿನೈದು ಲಕ್ಷಕ್ಕೂ ಹೆಚ್ಚು.

ಅಲೆ ಬಹಳ ಸಣ್ಣದಿರಬಹುದು, ಸಿಟಿಯಲ್ಲಿ (ಕರೆಂಟನ್ನು ಅಳತೆಗೆ ಇಳಿಸಿಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರಿನಲ್ಲಿ) ಕಾಣುತ್ತದೋ ಇಲ್ಲವೋ ಎಂಬ ಅನುಮಾನ ನನಗೂ ಇತ್ತು. ಲೆಕ್ಕ ಹಾಕಿ ನೋಡಿ. 220 ಕೆ.ವಿ. ಲೈನಿನ ಫೇಸ್ ವೋಲ್ಟೇಜಿನ ಶಿಖರ ಸುಮಾರು 180 ಕೆ.ವಿ. ಲೈನಿನ ಸರ್ಜ್ ಇಂಪೀಡೆನ್ಸ್ (ಅಲೆಗೆ ಲೈನು ಒಡ್ಡುವ ಅಡ್ಡಿ) 350 ಓಮ್ ಎಂದರೆ ಕರೆಂಟ್ ಅಲೆ 500 ಆಂಪಿಯರಿನಷ್ಟು. ಫಾಲ್ಟಿನಲ್ಲಿ 100 ಓಮ್ ರೆಸಿಸ್ಟೆನ್ಸ್ ಇದ್ದರೂ ಅದು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, ಅಷ್ಟೇ. ಇಳಿಯುವುದು ಎತ್ತರ ಮಾತ್ರ, ಅಲೆ ಬಂದು ತಲುಪುವ ಹೊತ್ತು ಬದಲಾಗುವುದಿಲ್ಲ. ಇಂಪೀಡೆನ್ಸ್ ವಿಧಾನವನ್ನು ಕೆಡಿಸಿದ ಬಿದಿರು ಇಲ್ಲಿ ಏನೂ ಮಾಡಲಾರದು. ಸಾಮಾನ್ಯ ಸಿಟಿಗಳು ಈ ಅಲೆಯನ್ನು ಸಾಕಷ್ಟು ಚೆನ್ನಾಗಿ ದಾಟಿಸುತ್ತವೆ. ವೋಲ್ಟೇಜ್ ಅಳೆಯಲು ಇಡುವ ಸಿವಿಟಿ (ಕೆಪ್ಯಾಸಿಟರ್ ಇರುವ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್) ದಾಟಿಸುವುದಿಲ್ಲ. ಹಾಗಾಗಿ ಬಹುತೇಕ ಎಲ್ಲ ಸಾಧನಗಳೂ ಕರೆಂಟ್ ಅಲೆಯನ್ನೇ ನೋಡುತ್ತವೆ.

ಒಂದೇ ತುದಿಯಲ್ಲಿ ನೋಡುವುದಾದರೆ, ಮೊದಲ ಅಲೆ ಬಂದು, ಸ್ಟೇಷನ್ನಿನ ಲೈನುಗಳೆಲ್ಲ ಸೇರುವ ಬಸ್‌ಬಾರಿಗೆ ಬಡಿದು ವಾಪಸು ಫಾಲ್ಟಿಗೆ ಹೋಗಿ, ಅಲ್ಲಿ ಮತ್ತೆ ಬಡಿದು ಬರುವ ತನಕ ಕಾಯಬೇಕು. ಎರಡರ ನಡುವಿನ ಹೊತ್ತಿನ ಅರ್ಧವನ್ನು ವೇಗದಿಂದ ಗುಣಿಸಿದರೆ ದೂರ. 46 ಕಿ.ಮೀ. ಫಾಲ್ಟಿಗೆ ಇದು 312 ಮೈಕ್ರೋಸೆಕೆಂಡ್. ಗಡಿಯಾರ ಬೇಡ, ಆಚೆ ಸ್ಟೇಷನ್ನಿನವರ ಕೃಪೆ ಬೇಡ, ಕೇಳುವುದಕ್ಕೆ ಬಹಳ ಚೆಂದ. ಆದರೆ ನಮ್ಮ ಸ್ಟೇಷನ್ನಿನ ಹಿಂದೆ 30 ಕಿ.ಮೀ.ನ ಇನ್ನೊಂದು ಲೈನು ಇದೆ ಎಂದಿಟ್ಟುಕೊಳ್ಳಿ. ಮೊದಲ ಅಲೆಯ ಒಂದು ಪಾಲು ಆ ಲೈನಿಗೆ ನುಗ್ಗಿ, ಅದರ ಕೊನೆ ಮುಟ್ಟಿ, 203 ಮೈಕ್ರೋಸೆಕೆಂಡಿಗೇ ವಾಪಸು ಬಂದಿರುತ್ತದೆ. ಅದನ್ನೇ ಫಾಲ್ಟಿನ ಪ್ರತಿಫಲನ ಎಂದುಕೊಂಡರೆ ಉತ್ತರ 30 ಕಿ.ಮೀ.! ಆಚೆ ತುದಿಯ ಬಸ್‌ಬಾರಿಗೆ ಬಡಿದ ಅಲೆ 502ರಲ್ಲಿ ಬರುತ್ತದೆ, ಅದನ್ನು ಹಿಡಿದರೆ 74. ಮೂರೂ ಅಲೆಗಳು ತೆರೆಯ ಮೇಲೆ ಇರುತ್ತವೆ, ಯಾವುದರ ಮೇಲೂ ಹೆಸರು ಬರೆದಿರುವುದಿಲ್ಲ.

ಇದಕ್ಕೊಂದು ಒಳ್ಳೆಯ ಜೋಡಿ ಉಪಾಯವಿದೆ. ಮೊದಲು ಇಂಪೀಡೆನ್ಸ್ ಲೆಕ್ಕದಿಂದ 40ರಿಂದ 50 ಕಿ.ಮೀ. ನಡುವೆ ಎಂದು ತಿಳಿದುಕೊಳ್ಳಿ. ಹಾಗಾದರೆ ಪ್ರತಿಫಲನ 271ರಿಂದ 339 ಮೈಕ್ರೋಸೆಕೆಂಡಿನ ಒಳಗೇ ಬರಬೇಕು. 203 ಮತ್ತು 502 ತಾವಾಗಿ ಬಿದ್ದುಹೋದವು, 312 ಉಳಿಯಿತು. ಒಂದು ತುದಿಯ ಟ್ರಾವೆಲಿಂಗ್ ವೇವನ್ನು ನಾನು ಹೀಗೆ ಮಾತ್ರ ನಂಬುತ್ತೇನೆ. ಒಂಟಿಯಾಗಿ ಬಿಟ್ಟರೆ ಅದು ಕವಡೆ ಶಾಸ್ತ್ರ.

ಎರಡು ತುದಿಯ ವಿಧಾನದಲ್ಲಿ ಪ್ರತಿಫಲನದ ರಗಳೆಯೇ ಇಲ್ಲ. ಎರಡೂ ಕಡೆ ಮೊದಲ ಅಲೆ ಯಾವಾಗ ಬಂತು ಎಂಬುದಷ್ಟೇ ಬೇಕು. ನಮ್ಮ ಫಾಲ್ಟಿನಲ್ಲಿ ಈ ತುದಿಗೆ ಬಂದು 94.9 ಮೈಕ್ರೋಸೆಕೆಂಡ್ ಆದ ಮೇಲೆ ಆ ತುದಿಗೆ ತಲುಪುತ್ತದೆ. ಅಷ್ಟರಲ್ಲಿ ಅಲೆ ಓಡುವ ದೂರ 28 ಕಿ.ಮೀ. ಲೈನಿನ ಉದ್ದ 120ರಿಂದ 28 ಕಳೆದು ಅರ್ಧ ಮಾಡಿ, 46. ಇಷ್ಟೇ ಲೆಕ್ಕ, ಪಿಯುಸಿ ಹುಡುಗರೂ ಮಾಡುತ್ತಾರೆ.

ಎರಡೂ ಕಡೆಯ ಗಡಿಯಾರ ಒಂದೇ ಆಗಿರಬೇಕು ಎನ್ನುವುದೇ ಕಷ್ಟದ ಭಾಗವಾಗಿತ್ತು. ಅಮೆರಿಕದ ಬಾನ್‌ವಿಲ್ ಪವರ್ ಅಡ್ಮಿನಿಸ್ಟ್ರೇಷನ್ ದಶಕಗಳ ಕಾಲ ಮೈಕ್ರೋವೇವ್ ಸಂಪರ್ಕ ಇಟ್ಟುಕೊಂಡು ಇದನ್ನು ಮಾಡುತ್ತಿತ್ತು. 1980ರ ದಶಕದ ಕೊನೆಗೆ ಜಿಪಿಎಸ್ ಸಮಯವನ್ನು ಅಲ್ಲೇ ಪ್ರಯೋಗಿಸಿ ನೋಡಿದರು. ಈಗ ಸ್ಟೇಷನ್ನಿನ ಜಿಪಿಎಸ್ ಗಡಿಯಾರ 100 ನ್ಯಾನೋಸೆಕೆಂಡಿನ ಒಳಗೆ ಸಮಯ ಕೊಡುವುದು ಮಾಮೂಲಿ. ಲೈನಿನ ಮೇಲೆ ಓಪಿಜಿಡಬ್ಲ್ಯೂ (ಒಳಗೆ ಆಪ್ಟಿಕಲ್ ಫೈಬರ್ ಇರುವ ಅರ್ಥ್ ತಂತಿ) ಇದ್ದರೆ ಅದರ ಫೈಬರಿನಲ್ಲೇ ಎರಡು ರಿಲೇಗಳು ಸಮಯ ಹೊಂದಿಸಿಕೊಳ್ಳುವ ಏರ್ಪಾಡೂ ಇದೆ.

ಮೀಟರುಗಳು ಸೋರಿಹೋಗುವ ಜಾಗಗಳು

ಕ್ಯಾಟಲಾಗಿನಲ್ಲಿ ಒಂದು ಟವರಿನ ಅಂತರಕ್ಕೆ ಕರಾರುವಾಕ್ಕು ಎಂದು ಬರೆದಿರುತ್ತದೆ. ಸಾಧನದ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ನಾವು ಸೆಟ್ಟಿಂಗಿನಲ್ಲಿ ತುಂಬುವ ಅಂಕಿಗಳು ಆ ಗುಣವನ್ನು ಹಾಳುಮಾಡಬಲ್ಲವು.

ಗಡಿಯಾರದಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ಉತ್ತರ 148 ಮೀಟರ್ ಸರಿಯುತ್ತದೆ. ಗಡಿಯಾರ ಚೆನ್ನಾಗಿದ್ದರೂ ಯಾರ್ಡಿನ ಸಿಟಿಯಿಂದ ಕಂಟ್ರೋಲ್ ರೂಮಿಗೆ ಬರುವ ಕೇಬಲ್ ಇದೆಯಲ್ಲ, ಅದನ್ನು ಮರೆಯುತ್ತೇವೆ. ಕೇಬಲ್ಲಿನಲ್ಲಿ ಅಲೆ ಬೆಳಕಿನ ಮೂರರಲ್ಲಿ ಎರಡು ಪಾಲು ವೇಗದಲ್ಲಿ, ಎಂದರೆ ಮೈಕ್ರೋಸೆಕೆಂಡಿಗೆ 200 ಮೀಟರಿನಂತೆ ಬರುತ್ತದೆ. ಈ ಸ್ಟೇಷನ್ನಿನಲ್ಲಿ 300 ಮೀಟರ್ ಕೇಬಲ್, ಆ ಸ್ಟೇಷನ್ನಿನಲ್ಲಿ 100 ಮೀಟರ್ ಇದ್ದರೆ ಅಲ್ಲಿಗೇ ಒಂದು ಮೈಕ್ರೋಸೆಕೆಂಡ್ ವ್ಯತ್ಯಾಸ. ಕೇಬಲ್ ಶೆಡ್ಯೂಲ್ ತೆಗೆದು ಉದ್ದ ತುಂಬಿದರೆ ಇದು ಸರಿಹೋಗುತ್ತದೆ, ಆ ಸೆಟ್ಟಿಂಗ್ ಇರುವ ಸಾಧನವನ್ನೇ ಕೊಳ್ಳಿ.

ಲೈನಿನ ಉದ್ದದ ಕತೆ ಇನ್ನೂ ಸೊಗಸಾಗಿದೆ. ಟವರ್ ಶೆಡ್ಯೂಲಿನಲ್ಲಿ ಇರುವುದು ನೆಲದ ಮೇಲಿನ ಉದ್ದ, ಅಲೆ ಓಡುವುದು ಜೋತುಬಿದ್ದ ಕಂಡಕ್ಟರಿನ ಮೇಲೆ. 350 ಮೀಟರ್ ಸ್ಪ್ಯಾನಿಗೆ (ಎರಡು ಟವರಿನ ನಡುವಿನ ಅಂತರಕ್ಕೆ) 7 ಮೀಟರ್ ಸ್ಯಾಗ್ (ಜೋತು) ಎಂದರೆ ಸ್ಪ್ಯಾನಿಗೆ ಕೇವಲ 37 ಸೆಂಟಿಮೀಟರ್ ಹೆಚ್ಚು. 120 ಕಿ.ಮೀ.ಗೆ ಅದೇ 128 ಮೀಟರ್. ಗುಡ್ಡ ಹತ್ತಿ ಇಳಿಯುವ ಲೈನಾದರೆ ಇನ್ನೂ ಜಾಸ್ತಿ. ಇದರ ಮೇಲೆ, ಹಳೆಯ ಲೈನನ್ನು ಎಲ್ಲೋ ಹೆದ್ದಾರಿಗೆ, ಎಲ್ಲೋ ಬಡಾವಣೆಗೆ ಸರಿಸಿ ಕಟ್ಟಿರುತ್ತಾರೆ, ಕಚೇರಿಯ ಕಡತದಲ್ಲಿ ಇನ್ನೂ ಹಳೆಯ ಉದ್ದವೇ ಇರುತ್ತದೆ. 600 ಮೀಟರ್ ತಪ್ಪು ತುಂಬಿದರೆ ಪ್ರತಿ ಫಾಲ್ಟಿಗೂ 300 ಮೀಟರ್ ತಪ್ಪು.

ವೇಗದ ತಪ್ಪು ಮಾತ್ರ ಜಾಗ ನೋಡಿಕೊಂಡು ಕಾಡುತ್ತದೆ. ನಡುಮಧ್ಯದ ಫಾಲ್ಟಿಗೆ ಎರಡೂ ಅಲೆ ಒಟ್ಟಿಗೇ ತಲುಪುವುದರಿಂದ ವೇಗ ಎಷ್ಟಿದ್ದರೂ ಒಂದೇ. 46 ಕಿ.ಮೀ.ನ ನಮ್ಮ ಫಾಲ್ಟಿಗೆ ಶೇ. 1 ತಪ್ಪು 140 ಮೀಟರ್ ಆಗುತ್ತದೆ, ತುದಿಯ ಹತ್ತಿರದ್ದಾದರೆ 600 ಮೀಟರ್.

ಇವೆಲ್ಲಕ್ಕೂ ಒಂದೇ ಮದ್ದು. ಆಚೆ ತುದಿ ತೆರೆದಿಟ್ಟು ಈ ತುದಿಯ ಬ್ರೇಕರ್ ಹಾಕಿ, ಅಲೆ ಹೋಗಿ ಬರುವ ಹೊತ್ತನ್ನು ಅಳೆಯುವುದು. ನಮ್ಮ ಲೈನಿಗೆ ಅದು 814 ಮೈಕ್ರೋಸೆಕೆಂಡಿನ ಹತ್ತಿರ ಬರಬೇಕು. ಉದ್ದ ಮತ್ತು ವೇಗ ಒಂದಕ್ಕೊಂದು ಹೊಂದುತ್ತವೋ ಇಲ್ಲವೋ ಆಗಲೇ ಗೊತ್ತಾಗುತ್ತದೆ. ಲೈನಿನ ಹೊರಗೆ, ಬೇರೆ ಕಡೆ ಫಾಲ್ಟ್ ಆದಾಗಲೂ ಅಲೆ ನಮ್ಮ ಲೈನನ್ನು ಒಂದು ತುದಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಆ ರೆಕಾರ್ಡುಗಳನ್ನು ಅಳಿಸಬೇಡಿ, ಗಡಿಯಾರ ಮತ್ತು ಕೇಬಲ್ಲಿನ ತಪ್ಪು ಅದರಲ್ಲಿ ಕಾಣುತ್ತದೆ.

ಸರಿಮಾಡಲಾಗದ ಮಿತಿಗಳೂ ಇವೆ. ಲೈನು ಹೋಗಿ ಸೇರುವ ಸ್ಟೇಷನ್ನಿನಲ್ಲಿ ಬೇರೆ ಯಾವ ಲೈನೂ ಇಲ್ಲದೆ ಬರೀ ಒಂದು ಟ್ರಾನ್ಸ್‌ಫಾರ್ಮರ್ ಇದ್ದರೆ ಅದು ಅಲೆಗೆ ಮುಚ್ಚಿದ ಬಾಗಿಲು. ಅಲ್ಲಿ ವೋಲ್ಟೇಜ್ ಅಲೆ ಇಮ್ಮಡಿಯಾಗುತ್ತದೆ, ಕರೆಂಟ್ ಅಲೆ ಇಲ್ಲವೇ ಇಲ್ಲ ಎನ್ನುವಷ್ಟು ಕುಗ್ಗುತ್ತದೆ. ಸಿಟಿಗೆ ಕ್ಲಿಪ್ ಹಾಕಿ ಕೂತರೆ ಏನೂ ಸಿಗುವುದಿಲ್ಲ, ಸಿವಿಟಿಯ ಅರ್ಥ್ ತಂತಿಯ ಕರೆಂಟನ್ನು ಅಳೆಯುವ ಸೆನ್ಸರ್ ಬೇಕಾಗುತ್ತದೆ. ವೋಲ್ಟೇಜ್ ಸೊನ್ನೆ ದಾಟುವ ಕ್ಷಣದಲ್ಲೇ ಫಾಲ್ಟ್ ಆದರೆ ಅಲೆಯೇ ಹುಟ್ಟುವುದಿಲ್ಲ. ಆದರೆ ಡಿಸ್ಕ್ (ಇನ್ಸುಲೇಟರ್) ಮೇಲೆ ಕಿಡಿ ಹಾರಿ ಫ್ಲಾಷ್‌ಓವರ್ ಆಗುವುದು, ಮರದ ಕಡೆಗೆ ಹಾರುವುದು ಸಾಮಾನ್ಯವಾಗಿ ವೋಲ್ಟೇಜ್ ಶಿಖರದ ಹತ್ತಿರ, ಹಾಗಾಗಿ ಇದು ಪುಸ್ತಕದಲ್ಲಿ ಕಾಣುವಷ್ಟು ದೊಡ್ಡ ತೊಂದರೆಯಲ್ಲ. ನಡುವೆ ಟ್ಯಾಪ್ (ಕವಲು) ತೆಗೆದ ಲೈನಿನಲ್ಲಿ, ಫಾಲ್ಟ್ ಟ್ಯಾಪಿನ ಒಳಗಿದ್ದರೆ, ಎರಡು ತುದಿಯ ಲೆಕ್ಕ ಟ್ಯಾಪ್ ಹೊರಟ ಟವರನ್ನೇ ಬೊಟ್ಟು ಮಾಡಿ ಸುಮ್ಮನಾಗುತ್ತದೆ. 66 ಮತ್ತು 110 ಕೆ.ವಿ.ಯಲ್ಲಿ ಇದು ನೆನಪಿರಲಿ.

ಯಾವ ಲೈನಿಗೆ ಯಾವುದು

ಮೂವತ್ತು ನಲವತ್ತು ಕಿಲೋಮೀಟರಿನ, ಬಯಲಿನ, ಪಕ್ಕದಲ್ಲೇ ರಸ್ತೆಯಿರುವ ಲೈನಿಗೆ ಟ್ರಾವೆಲಿಂಗ್ ವೇವ್ ಬೇಡ. 30 ಕಿ.ಮೀ.ಗೆ ಶೇ. 2 ತಪ್ಪೆಂದರೆ 600 ಮೀಟರ್, ಎರಡು ಟವರು. ಬೈಕಿನಲ್ಲಿ ಹೋಗಿ ಬರಬಹುದು. ಇರುವ ರಿಲೇಯ ಸೆಟ್ಟಿಂಗ್ ಸರಿಯಿದೆಯೇ ನೋಡಿ, ಎರಡು ತುದಿಯ ಫೈಲು ತರಿಸಿಕೊಳ್ಳಿ, ಅಷ್ಟು ಸಾಕು.

ಡಿ.ಸಿ. ಲೈನುಗಳಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 2003ರಲ್ಲಿ ಬಂದ ±500 ಕೆ.ವಿ. ಲೈನು 1,400 ಕಿ.ಮೀ. ಆಸುಪಾಸಿನದು. 50 ಹರ್ಟ್ಸ್ ಇಲ್ಲದ ಕಡೆ ರಿಯಾಕ್ಟೆನ್ಸ್ ಎಲ್ಲಿಂದ ತರುವುದು? ಇಂಥ ಲೈನುಗಳಿಗೆ ಟ್ರಾವೆಲಿಂಗ್ ವೇವ್ ಲೊಕೇಟರೇ ರೂಢಿ. ಅಷ್ಟು ಉದ್ದದಲ್ಲಿ ವೇಗದ ಶೇ. 1 ತಪ್ಪು ತುದಿಗಳಲ್ಲಿ 7 ಕಿ.ಮೀ. ಆಗುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ಸೀರೀಸ್ ಕೆಪ್ಯಾಸಿಟರ್ ಇರುವ ಎ.ಸಿ. ಲೈನುಗಳೂ ಇದೇ ಸಾಲಿಗೆ ಸೇರುತ್ತವೆ, ಕೆಪ್ಯಾಸಿಟರ್ ಒಳಗಿದೆಯೋ ಬೈಪಾಸ್ ಆಗಿದೆಯೋ ತಿಳಿಯದೆ ಇಂಪೀಡೆನ್ಸ್ ಲೆಕ್ಕ ಎಲ್ಲೆಲ್ಲೋ ಹೋಗುತ್ತದೆ.

ಹೊಸದಾಗಿ ಯೋಚಿಸಬೇಕಾದದ್ದು ಸೋಲಾರ್ ಮತ್ತು ಗಾಳಿ ವಿದ್ಯುತ್ತಿನ ಲೈನುಗಳು. ಪಾವಗಡದ 2,050 ಮೆಗಾವಾಟ್ ಪಾರ್ಕಿನಂಥ ಕಡೆ ಫಾಲ್ಟಿಗೆ ಕರೆಂಟ್ ಕೊಡುವುದು ಇನ್ವರ್ಟರ್. ಅದು ಕರೆಂಟನ್ನು ತನ್ನ ಮಿತಿಗೆ ಕಟ್ಟಿಹಾಕುತ್ತದೆ, ನೆಗೆಟಿವ್ ಸೀಕ್ವೆನ್ಸಿನ ಕೋನವೂ ಜನರೇಟರಿನ ಹಾಗಿರುವುದಿಲ್ಲ, ಅದರ ಪ್ರೋಗ್ರಾಮ್ ಹೇಳಿದ ಹಾಗಿರುತ್ತದೆ. ಆ ತುದಿಯಿಂದ ನೋಡುವ ರಿಲೇ ಹೇಳುವ ಕಿಲೋಮೀಟರಿಗೆ ಬೆಲೆ ಕಡಿಮೆ. ಅಲೆಗೆ ಮಾತ್ರ ಹಿಂದೆ ಟರ್ಬೈನ್ ಇದೆಯೋ ಇನ್ವರ್ಟರ್ ಇದೆಯೋ ಗೊತ್ತೇ ಆಗುವುದಿಲ್ಲ, ಅದು ಹುಟ್ಟುವುದು ಫಾಲ್ಟಿನ ಜಾಗದ ವೋಲ್ಟೇಜಿನಿಂದ. ಮುಂದಿನ ಹತ್ತು ವರ್ಷದ ಟೆಂಡರ್ ಬರೆಯುವವರು ಈ ಅಂಶ ತೂಗಿ ನೋಡಲಿ.

ಬೆಂಗಳೂರಿನಂಥ ಊರಲ್ಲಿ ಅರ್ಧ ಓವರ್‌ಹೆಡ್, ಅರ್ಧ ಭೂಗತ ಕೇಬಲ್ ಇರುವ ಲೈನುಗಳಿವೆ. ಕೇಬಲ್ಲಿನಲ್ಲಿ ಅಲೆಯ ವೇಗ ಬೆಳಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎರಡು ವೇಗಗಳನ್ನು ಬೇರೆಬೇರೆ ತುಂಬಲು ಬರುವ ಸಾಧನವೇ ಬೇಕು. ಇಲ್ಲಿ ಲಾಭ ನಡಿಗೆ ಉಳಿಸುವುದರಲ್ಲಿಲ್ಲ. ಫಾಲ್ಟ್ ಕೇಬಲ್ಲಿನಲ್ಲಿದೆ ಎಂದು ತಕ್ಷಣ ಗೊತ್ತಾದರೆ ಆಟೋ ರಿಕ್ಲೋಸ್ ತಡೆಯಬಹುದು. ಒಡೆದ ಕೇಬಲ್ಲಿಗೆ ಮತ್ತೆ ವೋಲ್ಟೇಜ್ ಕೊಟ್ಟರೆ ಇನ್ನಷ್ಟು ಸುಡುತ್ತದೆ, ಅಷ್ಟೇ ಆಗುವುದು. ಬರೀ ಕೇಬಲ್ ಆದರೆ ಇದ್ಯಾವುದೂ ಬೇಡ. ಲೈನ್ ಕ್ಲಿಯರ್ (ಲೈನು ನಿಲ್ಲಿಸಿ ಕೆಲಸ ಮಾಡುವ ಅನುಮತಿ) ತೆಗೆದುಕೊಂಡು ಪಲ್ಸ್ ಕಳಿಸಿ ನೋಡುವ, ಆಮೇಲೆ ಸರ್ಜ್ ಕೊಟ್ಟು ನೆಲಕ್ಕೆ ಕಿವಿಗೊಡುವ ಹಳೆಯ ಪದ್ಧತಿಯೇ ಸರಿ.

ಇನ್ನು ಕಾಡಿನ, ಘಟ್ಟದ ಉದ್ದದ ಲೈನುಗಳು. ಎರಡು ತುದಿಯ ಟ್ರಾವೆಲಿಂಗ್ ವೇವ್ ದುಡ್ಡು ವಾಪಸು ಕೊಡುವುದು ಇಲ್ಲೇ. ಅದೂ ಲೈನು ಬಿದ್ದಾಗ ಅಲ್ಲ, ಟ್ರಿಪ್ ಆಗಿ ತಾನೇ ಮತ್ತೆ ಚಾಲೂ ಆದಾಗ. ಲೈನು ತುಂಡಾಗಿ ಬಿದ್ದರೆ ಹೇಗಾದರೂ ಸಿಗುತ್ತದೆ, ಊರಿನವರೇ ಫೋನ್ ಮಾಡುತ್ತಾರೆ. ಒಂದು ಸೆಕೆಂಡಿನಲ್ಲಿ ರಿಕ್ಲೋಸ್ ಆಗಿ ಮಾಯವಾದ ಫಾಲ್ಟಿಗೆ ಗುರುತು ಎಂದರೆ ಡಿಸ್ಕಿನ ಮೇಲೊಂದು ಸುಟ್ಟ ಕಲೆ, ನಾಲ್ಕು ಕಪ್ಪು ಎಲೆ. ಆರು ಕಿಲೋಮೀಟರಿನಲ್ಲಿ ಅದನ್ನು ಯಾರೂ ಕಾಣರು, ಎರಡು ಟವರಿನ ನಡುವೆ ದುರ್ಬೀನು ಹಿಡಿದು ನಿಂತರೆ ಕಾಣುತ್ತಾರೆ. ಒಂದು ವರ್ಷದ ಇಂಥ ಫಾಲ್ಟುಗಳನ್ನು ಟವರ್ ನಂಬರ್ ಮೇಲೆ ಗುರುತು ಹಾಕುತ್ತ ಬನ್ನಿ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಒಂದೇ ಗುಡ್ಡದ ಎರಡು ಮೂರು ಟವರುಗಳೇ ಮತ್ತೆ ಮತ್ತೆ ಬರುತ್ತವೆ. ಅಲ್ಲಿಗೆ ಹೋಗಿ ಫೂಟಿಂಗ್ ರೆಸಿಸ್ಟೆನ್ಸ್ (ಟವರಿನ ಬುಡದಿಂದ ನೆಲಕ್ಕಿರುವ ಅಡ್ಡಿ) ಅಳೆದರೆ, 10 ಓಮ್ ಒಳಗಿರಬೇಕಾದದ್ದು ಬಂಡೆಯ ಮೇಲೆ ಎಷ್ಟೋ ಪಟ್ಟು ಇರುತ್ತದೆ. ಕೌಂಟರ್‌ಪಾಯ್ಸ್ (ಟವರಿನ ಬುಡಕ್ಕೆ ಜೋಡಿಸುವ ನೆಲದೊಳಗಿನ ತಂತಿ) ಹೂತು ಅರ್ಥಿಂಗ್ ಸುಧಾರಿಸಿದರೆ ಆ ಟವರ್ ಪಟ್ಟಿಯಿಂದ ಇಳಿಯುತ್ತದೆ. ಮಳೆಗಾಲದ ಪಟ್ಟಿ ಬೇರೆಯೇ: ಅದು ಮರಗಳ ಪಟ್ಟಿ, ಮೇ ಕೊನೆಯೊಳಗೆ ಕಡಿಸಬೇಕಾದದ್ದು.

ಕೊಳ್ಳುವ ಮೊದಲು

ಲೈನಿನ ರಿಲೇ ಹೇಗೂ ಬದಲಾಗುವುದಿದ್ದರೆ ಟ್ರಾವೆಲಿಂಗ್ ವೇವ್ ಒಳಗೇ ಇರುವ ರಿಲೇ ತೆಗೆದುಕೊಳ್ಳಿ, ಎರಡು ಕೆಲಸ ಒಂದರಲ್ಲಿ. ರಿಲೇ ಹೊಸದಿದ್ದರೆ ಪ್ರತ್ಯೇಕ ಪೆಟ್ಟಿಗೆ ವಾಸಿ. ಒಂದೇ ಪೆಟ್ಟಿಗೆ ಎಂಟು ಲೈನಿನ ತನಕ ನೋಡುವಂಥವು ಸಿಗುತ್ತವೆ. ಸೆನ್ಸರುಗಳನ್ನು ಸಿಟಿಯ ಸೆಕೆಂಡರಿ ತಂತಿಗೆ ಹೊರಗಿನಿಂದ ಕ್ಲಿಪ್ ಹಾಕಿದರೆ ಆಯಿತು, ಔಟೇಜ್ (ಲೈನು ನಿಲ್ಲಿಸುವುದು) ಬೇಡ. ಔಟೇಜ್ ಸಿಗದೆ ವರ್ಷಗಟ್ಟಲೆ ಬಿದ್ದಿರುವ ಎಷ್ಟು ಕೆಲಸಗಳಿಲ್ಲ ನಮ್ಮಲ್ಲಿ!

ಟೆಂಡರಿನಲ್ಲಿ ಒಂದು ಸಾಲು ಮರೆಯದೆ ಸೇರಿಸಿ: ಸಾಧನ ಉತ್ತರದ ಜತೆಗೆ ಮೂಲ ವೇವ್‌ಫಾರ್ಮನ್ನೂ ಕಾಮ್‌ಟ್ರೇಡ್ ರೂಪದಲ್ಲಿ ಕೊಡಬೇಕು. ಒಂದು ಕಡೆ ಒಂದು ಕಂಪನಿಯದು, ಇನ್ನೊಂದು ಕಡೆ ಬೇರೆಯದು ಬಂದರೆ ಅವು ತಮ್ಮತಮ್ಮಲ್ಲಿ ಮಾತಾಡುವುದಿಲ್ಲ. ಫೈಲು ಇದ್ದರೆ ನೀವೇ ಕೂತು ಕಳೆಯುವ ಲೆಕ್ಕ ಮಾಡಬಹುದು. ಇನ್ನೊಂದು, ಕಿಲೋಮೀಟರನ್ನು ಟವರ್ ನಂಬರಿಗೆ ತಿರುಗಿಸುವ ಪಟ್ಟಿ. ಗ್ಯಾಂಗಿನ ಮೇಸ್ತ್ರಿಗೆ 46.1 ಕಿ.ಮೀ. ಎಂದರೆ ಏನೂ ಅರ್ಥವಿಲ್ಲ, 131 ಮತ್ತು 132ರ ನಡುವೆ ಎನ್ನಬೇಕು, ಯಾವ ಊರಿನ ದಾರಿಯಲ್ಲಿ ಹೋಗಬೇಕೆಂದೂ ಹೇಳಬೇಕು.

ಆ ಬಿದಿರಿನ ಲೈನಿಗೆ ಕೊನೆಗೆ ನಾನು ಬರೆದ ಟಿಪ್ಪಣಿಯಲ್ಲಿ ಎರಡೂ ತುದಿಗೆ ಕ್ಲಿಪ್ ಹಾಕುವ ಪೆಟ್ಟಿಗೆ ಕೇಳಿದೆ. ಎರಡೂ ಸ್ಟೇಷನ್ನಿನಲ್ಲಿ ಬೇರೆ ಲೈನುಗಳಿದ್ದವು, ಕರೆಂಟ್ ಅಲೆಗೆ ತೊಂದರೆಯಿರಲಿಲ್ಲ. ಅದೇ ರಿಸೀವಿಂಗ್ ಸ್ಟೇಷನ್ನಿನಿಂದ ಊರ ಕಡೆಗೆ ಹೋಗುವ 28 ಕಿ.ಮೀ. ಲೈನಿಗೂ ಒಂದು ಇರಲಿ ಎಂದು ಮೇಲಿನವರು ಸೂಚಿಸಿದರು. ಬೇಡ ಎಂದು ಬರೆದೆ. ಆ ದುಡ್ಡಿನಲ್ಲಿ ಆಚೆ ಸ್ಟೇಷನ್ನಿನಲ್ಲಿ ಕೆಟ್ಟು ನಿಂತಿದ್ದ ಜಿಪಿಎಸ್ ಗಡಿಯಾರವನ್ನು ಬದಲಾಯಿಸಿಕೊಡಿ ಎಂದು ಕೇಳಿದೆ.